ಮನೆಯೊಳಗಿನ ಗಿಡಗಳಿಗೆ ಎಲ್‌ಇಡಿ ದೀಪ ಕಟ್ಟುವುದು: ಲೆಕ್ಕದಿಂದ ವೈರಿಂಗ್‌ವರೆಗೆ

ಓದಲು ಬರೆಯಲು ಸಾಕಷ್ಟು ಬೆಳಕಿದೆ ಎನಿಸುವ ಕೋಣೆಯಲ್ಲಿ ಲಕ್ಸ್ ಮೀಟರ್ ಹಿಡಿದರೆ ಅದು 500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಮೀಟರನ್ನು ನಡುಹಗಲಿನ ಬಿಸಿಲಿಗೆ ಒಡ್ಡಿದರೆ ಅಂಕಿ ಒಂದು ಲಕ್ಷದ ಹತ್ತಿರಕ್ಕೆ ಏರುತ್ತದೆ. ಇನ್ನೂರು ಪಟ್ಟಿನ ಈ ಅಂತರ ನಮಗೆ ಗೊತ್ತಾಗುವುದೇ ಇಲ್ಲ, ಏಕೆಂದರೆ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುತ್ತದೆ. ಎಲೆಯಾದರೋ ಬಿದ್ದಷ್ಟೇ ಬೆಳಕಿನಲ್ಲಿ ಆಹಾರ ತಯಾರಿಸಬೇಕು. ಅದು ಸಾಲದೆ ಹೋದಾಗ ಗಿಡ ಕಾಂಡವನ್ನು ಉದ್ದುದ್ದ ಎಳೆದು ಬೆಳಕನ್ನು ಹುಡುಕಿಕೊಂಡು ಹೋಗುತ್ತದೆ. ಮನೆಯೊಳಗೆ ಬಿತ್ತಿದ ಸಸಿಗಳು ನೂಲಿನಂತೆ ಸಣಕಲಾಗಿ ಮಗ್ಗುಲಿಗೆ ಬಿದ್ದಾಗ ನಾವು ನೀರನ್ನೋ ಗೊಬ್ಬರವನ್ನೋ ದೂರುತ್ತೇವೆ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಅವುಗಳಿಗೆ ಕಡಿಮೆಯಾಗಿರುವುದು ಬೆಳಕೇ.

60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಜಾಗದಲ್ಲಿ ಸೊಪ್ಪು ಮತ್ತು ಸಸಿಗಳನ್ನು ಬೆಳೆಸಲು ಸಾಕಾಗುವ, ಸುಮಾರು 50 ವಾಟ್‌ನ ಒಂದು ದೀಪವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ. ಎಲ್‌ಇಡಿ ಆರಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ದೀಪ ಕೆಲವೇ ತಿಂಗಳಲ್ಲಿ ಕೆಡುತ್ತದೆಯೋ ವರ್ಷಗಟ್ಟಲೆ ಬಾಳುತ್ತದೆಯೋ, ಒದ್ದೆ ಕೈಯಲ್ಲಿ ಮುಟ್ಟಿದವರು ಸುರಕ್ಷಿತವಾಗಿರುತ್ತಾರೋ ಇಲ್ಲವೋ ಎಂಬುದೆಲ್ಲ ತೀರ್ಮಾನವಾಗುವುದು ಕರೆಂಟನ್ನು ಹಿಡಿತದಲ್ಲಿಡುವ ಡ್ರೈವರ್, ಶಾಖವನ್ನು ಹೊರಹಾಕುವ ಲೋಹದ ಹಲಗೆ ಮತ್ತು ಅರ್ಥಿಂಗ್ ತಂತಿ ಎಂಬ ಮೂರು ಸಂಗತಿಗಳಿಂದ. ಆದ್ದರಿಂದ ಈ ಮೂರಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಗೋಡೆಯ ಸಾಕೆಟ್ಟಿನ ವಿದ್ಯುತ್ತಿನೊಂದಿಗೆ ಕೆಲಸ ಮಾಡಿ ಅಭ್ಯಾಸವಿಲ್ಲದವರು ಆ ಭಾಗವನ್ನು ಮಾತ್ರ ಬಲ್ಲ ಎಲೆಕ್ಟ್ರಿಷಿಯನ್‌ರಿಂದ ಮಾಡಿಸಿ, ಉಳಿದದ್ದನ್ನು ತಾವೇ ನಿಶ್ಚಿಂತೆಯಿಂದ ಕಟ್ಟಬಹುದು.

ಎಷ್ಟು ಬೆಳಕು ಬೇಕು

ಗಿಡದ ಲೆಕ್ಕದಲ್ಲಿ ಬೆಳಕೆಂದರೆ 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳ ಎಣಿಕೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಸೆಕೆಂಡಿನಲ್ಲಿ ಬೀಳುವ ಇಂಥ ಕಣಗಳನ್ನು ಮೈಕ್ರೋಮೋಲ್‌ಗಳಲ್ಲಿ ಹೇಳುತ್ತಾರೆ. ನಡುಹಗಲಿನ ಪೂರ್ಣ ಬಿಸಿಲು ಸುಮಾರು 2000 ಮೈಕ್ರೋಮೋಲ್ ಕೊಡುತ್ತದೆ. ಮೊದಲು ಹೇಳಿದ 500 ಲಕ್ಸ್‌ನ ಕೋಣೆ ಹತ್ತನ್ನೂ ದಾಟುವುದಿಲ್ಲ. ಆಗಷ್ಟೇ ಮೊಳೆತ ಸಸಿಗಳಿಗೆ 100ರಿಂದ 200, ಲೆಟ್ಯೂಸ್‌ನಂಥ ಸೊಪ್ಪುಗಳಿಗೆ 200ರಿಂದ 300 ಇದ್ದರೆ ಒಳ್ಳೆಯ ಬೆಳವಣಿಗೆ ಸಿಗುತ್ತದೆ. ಟೊಮೆಟೊ, ಮೆಣಸಿನಕಾಯಿಯಂತಹ ಕಾಯಿಬಿಡುವ ಗಿಡಗಳು ಇದರ ಎರಡರಷ್ಟನ್ನಾದರೂ ಕೇಳುತ್ತವೆ.

ಆದರೆ ಒಂದು ಕ್ಷಣದ ತೀವ್ರತೆಗಿಂತ ಇಡೀ ದಿನದಲ್ಲಿ ಎಲೆಗೆ ಸಿಕ್ಕ ಒಟ್ಟು ಬೆಳಕು ಮುಖ್ಯ. ತೀವ್ರತೆಯನ್ನು 3600ರಿಂದಲೂ ದೀಪ ಉರಿಯುವ ಗಂಟೆಗಳಿಂದಲೂ ಗುಣಿಸಿ, ಬಂದದ್ದನ್ನು ಹತ್ತು ಲಕ್ಷದಿಂದ ಭಾಗಿಸಿದರೆ ದಿನದ ಮೊತ್ತ ಮೋಲ್‌ಗಳಲ್ಲಿ ಸಿಗುತ್ತದೆ. 250 ಮೈಕ್ರೋಮೋಲ್ ಬೆಳಕು 14 ಗಂಟೆ ಬಿದ್ದರೆ 12.6 ಮೋಲ್ ಆಗುತ್ತದೆ. ಲೆಟ್ಯೂಸ್‌ಗೆ ದಿನಕ್ಕೆ 12ರಿಂದ 17 ಮೋಲ್ ಸಾಕಾಗುವುದರಿಂದ ನಮ್ಮ ಗುರಿಯನ್ನು ಇಲ್ಲಿಗೆ ನಿಲ್ಲಿಸಬಹುದು.

ಇನ್ನು ವಾಟ್‌ಗಳ ಲೆಕ್ಕ. 60 ಸೆಂ.ಮೀ. ಚೌಕದ ವಿಸ್ತೀರ್ಣ 0.36 ಚದರ ಮೀಟರ್. ಇದನ್ನು 250ರಿಂದ ಗುಣಿಸಿದರೆ ಸೆಕೆಂಡಿಗೆ 90 ಮೈಕ್ರೋಮೋಲ್ ಗಿಡಗಳ ಮೇಲೆ ಬೀಳಬೇಕು ಎಂದಾಯಿತು. ದೀಪದಿಂದ ಹೊರಟ ಬೆಳಕಿನಲ್ಲಿ ಸುಮಾರು ಕಾಲುಭಾಗ ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ ಎಂದು ಹಿಡಿದರೆ ದೀಪ 120 ಮೈಕ್ರೋಮೋಲ್ ಸೂಸಬೇಕು. ಒಳ್ಳೆಯ ಬಿಳಿ ಎಲ್‌ಇಡಿ ಪಟ್ಟಿಗಳು ಒಂದು ವಾಟ್‌ಗೆ ಸೆಕೆಂಡಿಗೆ ಸುಮಾರು 2.5 ಮೈಕ್ರೋಮೋಲ್ ಕೊಡುವುದರಿಂದ 48 ವಾಟ್‌ನ ಎಲ್‌ಇಡಿ ಸಾಕು. ಡ್ರೈವರ್‌ನ ದಕ್ಷತೆ ಶೇ. 90 ಇದ್ದರೆ ಗೋಡೆಯಿಂದ 53 ವಾಟ್ ಎಳೆಯುತ್ತದೆ, ಅಂದರೆ 14 ಗಂಟೆಗೆ ಮುಕ್ಕಾಲು ಯೂನಿಟ್‌ನಷ್ಟು ವಿದ್ಯುತ್ ಖರ್ಚಾಗುತ್ತದೆ. ನಿಮ್ಮ ಜಾಗ ಬೇರೆ ಅಳತೆಯದಾದರೆ ಇದೇ ದಾರಿಯಲ್ಲಿ ವಿಸ್ತೀರ್ಣವನ್ನಷ್ಟೇ ಬದಲಿಸಿ ಲೆಕ್ಕ ಹಾಕಿ. ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ “ಇಷ್ಟು ವಾಟ್‌ಗೆ ಸಮಾನ” ಎಂಬ ಅಂಕಿಯನ್ನು ಈ ಲೆಕ್ಕಕ್ಕೆ ಎಂದೂ ಬಳಸಬೇಡಿ, ದೀಪ ನಿಜವಾಗಿ ಎಳೆಯುವ ವಾಟ್ ಎಷ್ಟು ಎಂಬುದನ್ನೇ ನೋಡಿ.

ಬಣ್ಣದ ವಿಚಾರ

ಗಿಡಕ್ಕೆ ಕೆಂಪು ಮತ್ತು ನೀಲಿ ಮಾತ್ರ ಬೇಕು, ಹಸಿರು ಬೆಳಕು ವ್ಯರ್ಥ ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ. 1972ರಲ್ಲಿ ಮೆಕ್ರೀ ಎಂಬ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಗಳ ಮೇಲೆ ಮಾಡಿದ ಅಳತೆಗಳೇ ಇದನ್ನು ಅಲ್ಲಗಳೆಯುತ್ತವೆ. ಹಸಿರು ಬೆಳಕಿನಲ್ಲೂ ಎಲೆ ಗಣನೀಯವಾಗಿ ಆಹಾರ ತಯಾರಿಸುತ್ತದೆ, ಮೇಲಿನ ಎಲೆಯನ್ನು ದಾಟಿ ಕೆಳಗಿನ ಎಲೆಗಳವರೆಗೆ ಇಳಿಯುವುದರಲ್ಲಿ ಅದೇ ಮುಂದು. ಬಿಳಿ ಎಲ್‌ಇಡಿಯಲ್ಲಿ ಸುಮಾರು 450 ನ್ಯಾನೋಮೀಟರ್‌ನ ನೀಲಿ ಚಿಪ್‌ ಇದ್ದು, ಅದರ ಮೇಲಿನ ಹಳದಿ ಫಾಸ್ಫರ್ ಲೇಪ ಆ ನೀಲಿಯ ಒಂದು ಪಾಲನ್ನು ಹಸಿರು, ಹಳದಿ, ಕೆಂಪುಗಳಾಗಿ ಮಾರ್ಪಡಿಸುತ್ತದೆ. ಆದ್ದರಿಂದ 3500 ಅಥವಾ 4000 ಕೆಲ್ವಿನ್‌ನ (ಇದು ಬಿಳಿಯ ಛಾಯೆಯನ್ನು ಸೂಚಿಸುವ ಅಂಕಿ) ಬಿಳಿ ಪಟ್ಟಿ ಆರಿಸಿದರೆ ಸೊಪ್ಪು, ಸಸಿಗಳೆರಡಕ್ಕೂ ಸರಿಹೋಗುತ್ತದೆ. ನನಗೆ ಬಿಳಿ ಬೆಳಕೇ ಮೆಚ್ಚುಗೆಯಾಗಲು ಇನ್ನೊಂದು ಕಾರಣವಿದೆ: ನೇರಳೆ ಬೆಳಕಿನಲ್ಲಿ ಎಲ್ಲ ಎಲೆಯೂ ಕಪ್ಪಾಗಿ ಕಾಣುವುದರಿಂದ ಹಳದಿಯಾಗುತ್ತಿರುವ ಎಲೆ, ಎಲೆಯಡಿಯ ಹೇನು, ಬೂಷ್ಟಿನ ಚುಕ್ಕೆ ಯಾವುದೂ ಸಮಯಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಡ್ರೈವರ್ ಮತ್ತು ಪಟ್ಟಿಗಳ ಹೊಂದಾಣಿಕೆ

ಎಲ್‌ಇಡಿ ಹಳೆಯ ಬಿಸಿತಂತಿಯ ಬಲ್ಬಿನಂತೆ ನಡೆದುಕೊಳ್ಳುವುದಿಲ್ಲ. ಅದಕ್ಕೆ ಕೊಡುವ ವೋಲ್ಟೇಜ್ ಸ್ವಲ್ಪವೇ ಹೆಚ್ಚಾದರೂ ಹರಿಯುವ ಕರೆಂಟ್ ತುಂಬಾ ಏರುತ್ತದೆ. ಕರೆಂಟ್ ಏರಿದಂತೆ ಅದು ಬಿಸಿಯಾಗುತ್ತದೆ, ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ, ಇಳಿದಂತೆ ಕರೆಂಟ್ ಮತ್ತೆ ಏರುತ್ತದೆ. ತಡೆಯುವವರಿಲ್ಲದೆ ಹೋದರೆ ಈ ಸುತ್ತು ಎಲ್‌ಇಡಿ ಸುಡುವವರೆಗೆ ನಡೆಯುತ್ತದೆ. ಆದ್ದರಿಂದ ವೋಲ್ಟೇಜನ್ನು ಸ್ಥಿರವಾಗಿಡುವ ಸಾಮಾನ್ಯ ಅಡಾಪ್ಟರ್ ಇಲ್ಲಿ ಕೆಲಸಕ್ಕೆ ಬಾರದು, ಕರೆಂಟನ್ನು ಸ್ಥಿರವಾಗಿಡುವ ಎಲ್‌ಇಡಿ ಡ್ರೈವರ್ ಬೇಕು. ಡ್ರೈವರ್‌ನ ಮೇಲೆ “ಕಾನ್‌ಸ್ಟಂಟ್ ಕರೆಂಟ್” ಎಂಬ ಪದ, ಅದು ಕೊಡುವ ಆಂಪಿಯರ್ ಮತ್ತು ಯಾವ ವೋಲ್ಟೇಜ್‌ನಿಂದ ಯಾವ ವೋಲ್ಟೇಜ್‌ವರೆಗೆ ಕೆಲಸ ಮಾಡುತ್ತದೆ ಎಂಬ ವಿವರ ಅಚ್ಚಾಗಿರುತ್ತದೆ.

ನಮ್ಮ ದೀಪಕ್ಕೆ ಸುಮಾರು 56 ಸೆಂ.ಮೀ. ಉದ್ದದ, ಅಲ್ಯೂಮಿನಿಯಂ ತಳದ ಗಟ್ಟಿ ಪಟ್ಟಿಗಳು ನಾಲ್ಕು ಬೇಕು. ಪ್ರತಿಯೊಂದೂ 23 ವೋಲ್ಟ್ ಆಸುಪಾಸಿನಲ್ಲಿ ಅರ್ಧ ಆಂಪಿಯರ್ ತೆಗೆದುಕೊಳ್ಳುವಂಥದ್ದಾಗಿರಲಿ. ಸುರುಳಿಯಲ್ಲಿ ಬರುವ, ಹಿಂದೆ ಅಂಟು ಇರುವ ಮೆತ್ತನೆಯ ಅಲಂಕಾರದ ಪಟ್ಟಿಗಳನ್ನು ಬಳಸಬೇಡಿ, ಅವುಗಳಲ್ಲಿ ವಿದ್ಯುತ್ತಿನ ಒಂದು ಪಾಲು ರೆಸಿಸ್ಟರ್‌ಗಳಲ್ಲೇ ಬಿಸಿಯಾಗಿ ಹೋಗುತ್ತದೆ. ನಾಲ್ಕು ಪಟ್ಟಿಗಳನ್ನು ಜೋಡಿಸಲು ಮೂರು ದಾರಿಗಳಿವೆ. ಎಲ್ಲವನ್ನೂ ಸರಣಿಯಲ್ಲಿ, ಅಂದರೆ ಒಂದರ ಮೈನಸ್ಸನ್ನು ಮುಂದಿನದರ ಪ್ಲಸ್ಸಿಗೆ ಸೇರಿಸುತ್ತ ಹೋದರೆ ವೋಲ್ಟೇಜ್‌ಗಳು ಕೂಡಿ 92 ಆಗುತ್ತವೆ, ಕರೆಂಟ್ ಅರ್ಧ ಆಂಪಿಯರ್‌ನಲ್ಲೇ ಉಳಿಯುತ್ತದೆ. ವೈರಿಂಗ್ ಅತ್ಯಂತ ಸರಳ, ಆದರೆ ನೀರು ಚಿಮುಕಿಸುವ ಕೈ ಹತ್ತಿರದಲ್ಲೇ ಓಡಾಡುವ ಕಡೆ 92 ವೋಲ್ಟ್ ಡಿಸಿ ಇರುವುದು ನನಗೆ ಒಪ್ಪಿಗೆಯಿಲ್ಲ. ಎಲ್ಲವನ್ನೂ ಸಮಾಂತರವಾಗಿ ಸೇರಿಸಿದರೆ ವೋಲ್ಟೇಜ್ 23ರಲ್ಲೇ ಇರುತ್ತದೆ, ಕರೆಂಟ್ ಎರಡು ಆಂಪಿಯರ್ ಆಗಿ ನಾಲ್ಕು ಕವಲುಗಳಲ್ಲಿ ಹಂಚಿಹೋಗುತ್ತದೆ. ನಾನು ಶಿಫಾರಸು ಮಾಡುವುದು ನಡುವಿನ ದಾರಿ. ಎರಡೆರಡು ಪಟ್ಟಿಗಳನ್ನು ಸರಣಿಯಲ್ಲಿ ಸೇರಿಸಿ ಎರಡು ಸರಗಳನ್ನು ಮಾಡಿ, ಆ ಎರಡು ಸರಗಳನ್ನು ಸಮಾಂತರವಾಗಿ ಜೋಡಿಸುವುದು. ಆಗ ವೋಲ್ಟೇಜ್ ಸುಮಾರು 46, ಅಂದರೆ 60 ವೋಲ್ಟ್‌ನ ಕೆಳಗೆ. ಒಟ್ಟು ಕರೆಂಟ್ ಒಂದು ಆಂಪಿಯರ್‌ನಷ್ಟು. ಇದಕ್ಕೆ 36ರಿಂದ 54 ವೋಲ್ಟ್ ವ್ಯಾಪ್ತಿಯ, 1.05 ಆಂಪಿಯರ್‌ನ ಡ್ರೈವರ್ ಹೊಂದುತ್ತದೆ.

ಪಟ್ಟಿ ಕೊಳ್ಳುವಾಗ ಅದರ ಗರಿಷ್ಠ ಕರೆಂಟ್ ಎಷ್ಟು ಎಂಬುದನ್ನು ತಪ್ಪದೆ ನೋಡಿ. ಒಂದು ಸರದ ಸಂಪರ್ಕ ಕಡಿದುಹೋದರೆ ಡ್ರೈವರ್ ತನ್ನ ಪೂರ್ತಿ 1.05 ಆಂಪಿಯರನ್ನು ಉಳಿದ ಸರದೊಳಕ್ಕೇ ನೂಕುತ್ತದೆ. ಪಟ್ಟಿಯ ಗರಿಷ್ಠ ಮಿತಿ ಅದಕ್ಕಿಂತ ಹೆಚ್ಚಿದ್ದರೆ ಅದು ಈ ಹೊರೆಯನ್ನು ತಾಳಿಕೊಳ್ಳುತ್ತದೆ.

ಡ್ರೈವರ್ ವಿಷಯದಲ್ಲಿ ಇನ್ನೊಂದು ಷರತ್ತು ಇದೆ, ಅದನ್ನು ಸಡಿಲಿಸುವಂತಿಲ್ಲ. ಅದರ ಔಟ್‌ಪುಟ್ ಮೇನ್ಸ್‌ನಿಂದ (ಅಂದರೆ ಗೋಡೆಯ ಸಾಕೆಟ್ಟಿನ ವಿದ್ಯುತ್ತಿನಿಂದ) ಪೂರ್ತಿ ಬೇರ್ಪಟ್ಟಿರಬೇಕು. ಇಂಥವನ್ನು “ಐಸೋಲೇಟೆಡ್” ಎನ್ನುತ್ತಾರೆ. ಐಸೋಲೇಟೆಡ್ ಅಲ್ಲದ ಅಗ್ಗದ ಡ್ರೈವರ್‌ಗಳಲ್ಲಿ ಎಲ್‌ಇಡಿ ಬದಿಯ ತಂತಿಯನ್ನು ಮುಟ್ಟುವುದೂ ಗೋಡೆಯ ಸಾಕೆಟ್ಟಿನೊಳಗೆ ಬೆರಳಿಡುವುದೂ ಒಂದೇ, ಮೀಟರ್ 46 ವೋಲ್ಟ್ ತೋರಿಸಿದರೂ ಆ ತಂತಿಗೂ ನೆಲಕ್ಕೂ ನಡುವೆ ಮೇನ್ಸ್ ವೋಲ್ಟೇಜ್ ಇರಬಹುದು. ಗಿಡಗಳಿರುವಲ್ಲಿ ತೇವ ಇದ್ದೇ ಇರುವುದರಿಂದ ಐಪಿ65 ಅಥವಾ ಐಪಿ67 ದರ್ಜೆಯ (ಧೂಳು, ನೀರು ಒಳಹೋಗದಂತೆ ತಡೆಯುವ), ಪೂರ್ತಿ ಮುಚ್ಚಿದ ಡ್ರೈವರ್ ಆರಿಸಿ.

ಒಟ್ಟುಗೂಡಿಸಬೇಕಾದ ಸಾಮಗ್ರಿ

ನಾಲ್ಕು ಪಟ್ಟಿಗಳು ಮತ್ತು ಡ್ರೈವರ್ ಅಲ್ಲದೆ 58 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಹಲಗೆ ಬೇಕು; ಅದು ಸುಮಾರು 1.6 ಕಿಲೋ ತೂಗುತ್ತದೆ. 3 ಮಿ.ಮೀ. ಸ್ಕ್ರೂ, ನಟ್ಟು ಮತ್ತು ನೈಲಾನ್ ವಾಷರ್‌ಗಳು, ಶಾಖವಾಹಕ ಪೇಸ್ಟ್, ಎಲ್‌ಇಡಿ ಬದಿಗೆ 0.75 ಚದರ ಮಿ.ಮೀ.ನ ಒಂಟಿ ಎಳೆಯ ತಾಮ್ರದ ತಂತಿ, ಮೇನ್ಸ್ ಬದಿಗೆ ಅರ್ಥ್ ಸಹಿತ ಮೂರು ತಂತಿಗಳ ಬಳ್ಳಿ ಮತ್ತು ಮೂರು ಪಿನ್ನಿನ ಪ್ಲಗ್, ಲೀವರ್ ಇರುವ ಕನೆಕ್ಟರ್‌ಗಳು, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಬಳ್ಳಿಯನ್ನು ಬಿಗಿಹಿಡಿಯುವ ಗ್ಲಾಂಡ್, ಉಂಗುರದ ತುದಿಯ ಒಂದು ಟರ್ಮಿನಲ್ ಇವನ್ನೂ ತಂದುಕೊಳ್ಳಿ. ಉಪಕರಣಗಳಲ್ಲಿ ಡ್ರಿಲ್, ಅರ, ತಂತಿಯ ಹೊದಿಕೆ ಬಿಡಿಸುವ ಇಕ್ಕಳ ಮತ್ತು ಮಲ್ಟಿಮೀಟರ್ ಇದ್ದರೆ ಸಾಕು. ಮಲ್ಟಿಮೀಟರ್ ಇಲ್ಲದೆ ಕೆಲಸ ಶುರುಮಾಡಬೇಡಿ.

ಹಲಗೆ ಸಿದ್ಧಪಡಿಸುವುದು

ಎಲ್‌ಇಡಿ ಎಳೆದುಕೊಂಡ ವಿದ್ಯುತ್ತಿನಲ್ಲಿ ಅರ್ಧದಷ್ಟು ಮಾತ್ರ ಬೆಳಕಾಗಿ ಹೊರಡುತ್ತದೆ, ಉಳಿದದ್ದು ಪಟ್ಟಿಯ ಹಿಂಬದಿಯಲ್ಲಿ ಶಾಖವಾಗಿ ಶೇಖರವಾಗುತ್ತದೆ. ನಮ್ಮ ದೀಪದಲ್ಲಿ ಇದು 20ರಿಂದ 25 ವಾಟ್. ಈ ಹಲಗೆಗೆ ಅದು ಹೆಚ್ಚಿನ ಹೊರೆಯಲ್ಲ, ಫ್ಯಾನ್ ಬೇಕಾಗುವುದಿಲ್ಲ. ಆದರೆ ಪಟ್ಟಿ ಹಲಗೆಗೆ ಉದ್ದಕ್ಕೂ ಅಂಟಿಕೊಂಡು ಕುಳಿತಿದ್ದರೆ ಮಾತ್ರ ಶಾಖ ಹಲಗೆಗೆ ದಾಟುತ್ತದೆ.

ಹಲಗೆಯ ಅಂಚುಗಳನ್ನು ಮೊದಲು ಅರದಿಂದ ಉಜ್ಜಿ ನಯಮಾಡಿ, ಕತ್ತರಿಸಿದ ಅಲ್ಯೂಮಿನಿಯಂ ಬ್ಲೇಡಿನಂತೆ ಕೈ ಕೊಯ್ಯುತ್ತದೆ. ಅಗಲದ ದಿಕ್ಕಿನಲ್ಲಿ ಒಂದು ಅಂಚಿನಿಂದ 4, 17, 33 ಮತ್ತು 46 ಸೆಂ.ಮೀ. ದೂರದಲ್ಲಿ ನಾಲ್ಕು ಗೆರೆಗಳನ್ನು ಎಳೆಯಿರಿ. ನಡುವಿನ ಅಂತರ 16, ಹೊರಗಿನವು 13 ಆಗಿರುವುದಕ್ಕೆ ಕಾರಣವಿದೆ: ನಡುವಿನ ಗಿಡಕ್ಕೆ ನಾಲ್ಕೂ ಪಟ್ಟಿಗಳಿಂದ ಬೆಳಕು ಬರುತ್ತದೆ, ಅಂಚಿನ ಗಿಡಕ್ಕೆ ಒಂದು ಬದಿಯಿಂದ ಮಾತ್ರ ಬರುತ್ತದೆ, ಹೊರಗಿನ ಪಟ್ಟಿಗಳನ್ನು ಅಂಚಿನತ್ತ ಸರಿಸಿದರೆ ಈ ತಾರತಮ್ಯ ಕಡಿಮೆಯಾಗುತ್ತದೆ. ಪಟ್ಟಿಯನ್ನೇ ಅಚ್ಚಾಗಿಟ್ಟು ರಂಧ್ರಗಳ ಗುರುತು ಹಾಕಿ, 3.2 ಮಿ.ಮೀ. ಬಿಟ್‌ನಿಂದ ಕೊರೆದು, ರಂಧ್ರದ ಸುತ್ತ ಎದ್ದ ಲೋಹದ ಅಂಚನ್ನು ದೊಡ್ಡ ಬಿಟ್‌ನ ತುದಿಯಿಂದ ಕೈಯಲ್ಲೇ ತಿರುಗಿಸಿ ತೆಗೆಯಿರಿ. ಹಾಗೆ ಎದ್ದ ಕೂದಲೆಳೆಯಷ್ಟು ಲೋಹ ಉಳಿದರೂ ಪಟ್ಟಿ ಸಮವಾಗಿ ಕೂರದೆ ಕೆಳಗೆ ಗಾಳಿಯ ಪದರ ಉಳಿಯುತ್ತದೆ, ಗಾಳಿ ಶಾಖವನ್ನು ದಾಟಲು ಬಿಡುವುದಿಲ್ಲ.

ಹಲಗೆಯನ್ನೂ ಪಟ್ಟಿಯ ಬೆನ್ನನ್ನೂ ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಪೇಸ್ಟನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಆದಷ್ಟು ತೆಳುವಾಗಿ ಹರಡಿ. ಪೇಸ್ಟ್ ಇರುವುದು ಲೋಹ ಲೋಹಕ್ಕೆ ತಾಗದ ಸಣ್ಣ ತಗ್ಗುಗಳನ್ನು ತುಂಬಲಿಕ್ಕೆ, ದಪ್ಪ ಪದರವಾಗಿ ಹಚ್ಚಿದರೆ ಅದೇ ಅಡ್ಡಿ. ಸ್ಕ್ರೂಗಳ ತಲೆಯ ಕೆಳಗೆ ನೈಲಾನ್ ವಾಷರ್ ಹಾಕಿ, ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸಿ. ಎಲ್‌ಇಡಿಗಳ ಹಳದಿ ಮುಖವನ್ನು ಬೆರಳಿನಿಂದ ಒತ್ತಬೇಡಿ.

ಎಲ್‌ಇಡಿ ಬದಿಯ ವೈರಿಂಗ್

ಈ ಹಂತದಲ್ಲಿ ಡ್ರೈವರ್ ಪ್ಲಗ್ಗಿಗೆ ಸೇರಿರಬಾರದು. ಪಟ್ಟಿಗಳ ತುದಿಯಲ್ಲಿ ಪ್ಲಸ್ ಮತ್ತು ಮೈನಸ್ ಗುರುತಿರುವ, ತಂತಿಯನ್ನು ಒಳಕ್ಕೆ ತಳ್ಳಿದರೆ ಕಚ್ಚಿಕೊಳ್ಳುವ ಪುಟ್ಟ ಬಿಳಿ ಕನೆಕ್ಟರ್‌ಗಳಿರುತ್ತವೆ. ಒಂದನೆಯ ಪಟ್ಟಿಯ ಮೈನಸ್ಸಿನಿಂದ ಎರಡನೆಯದರ ಪ್ಲಸ್ಸಿಗೆ ಒಂದು ತಂತಿ, ಮೂರನೆಯದರ ಮೈನಸ್ಸಿನಿಂದ ನಾಲ್ಕನೆಯದರ ಪ್ಲಸ್ಸಿಗೆ ಇನ್ನೊಂದು ತಂತಿ ಹಾಕಿ. ಇವು ಎರಡು ಸರಗಳಾದವು. ಒಂದು ಮತ್ತು ಮೂರನೆಯ ಪಟ್ಟಿಗಳ ಪ್ಲಸ್ಸುಗಳಿಂದ ಬರುವ ಎರಡು ತಂತಿಗಳನ್ನು ಡ್ರೈವರ್‌ನ ಪ್ಲಸ್ ತಂತಿಯೊಂದಿಗೆ ಮೂರು ಬಾಯಿಯ ಒಂದು ಲೀವರ್ ಕನೆಕ್ಟರ್‌ನಲ್ಲಿ ಕೂಡಿಸಿ. ಎರಡು ಮತ್ತು ನಾಲ್ಕನೆಯವುಗಳ ಮೈನಸ್ಸುಗಳನ್ನು ಡ್ರೈವರ್‌ನ ಮೈನಸ್ಸಿನೊಂದಿಗೆ ಇನ್ನೊಂದರಲ್ಲಿ ಕೂಡಿಸಿ. ಪ್ಲಸ್ಸಿಗೆ ಒಂದು ಬಣ್ಣ, ಮೈನಸ್ಸಿಗೆ ಇನ್ನೊಂದು ಬಣ್ಣ ಎಂದು ಮೊದಲೇ ನಿಶ್ಚಯಿಸಿಕೊಂಡು ಕೊನೆಯವರೆಗೂ ಅದನ್ನೇ ಪಾಲಿಸಿ.

ಒಂಟಿ ಎಳೆಯ ತಂತಿಯನ್ನೇ ಬಳಸಿ ಎಂದು ಒತ್ತಿ ಹೇಳುವುದಕ್ಕೆ ನನ್ನ ಮೊದಲ ದೀಪ ಕಾರಣ. ಮನೆಯಲ್ಲಿದ್ದ ಬಹು ಎಳೆಗಳ ಮೆತ್ತನೆಯ ತಂತಿಯನ್ನು ಹೊಸೆದು ಆ ಪುಟ್ಟ ಕನೆಕ್ಟರ್‌ನೊಳಕ್ಕೆ ತುರುಕಿದ್ದೆ. ಒಳಗೆ ಹೋಗುವಾಗ ಅರ್ಧದಷ್ಟು ಎಳೆಗಳು ಬಾಯಿಯ ಬಳಿಯೇ ಮಡಚಿಕೊಂಡು ಹೊರಗುಳಿದದ್ದು ನನಗೆ ಕಾಣಲಿಲ್ಲ. ಮೂರನೆಯ ವಾರ ಒಂದು ಸಂಜೆ ನೋಡಿದರೆ ಎರಡು ಪಟ್ಟಿಗಳು ಆರಿದ್ದವು, ಉಳಿದೆರಡು ಕಣ್ಣು ಕುಕ್ಕುವಂತೆ ಉರಿಯುತ್ತಿದ್ದವು. ಪ್ಲಗ್ ಕಿತ್ತು ಬಿಚ್ಚಿದಾಗ ಬಿಳಿಯ ಕನೆಕ್ಟರ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ಪ್ಲಾಸ್ಟಿಕ್‌ನ ವಾಸನೆ ಬರುತ್ತಿತ್ತು, ಮಡಚಿದ ಎಳೆಗಳಲ್ಲಿ ಒಂದು ಹಲಗೆಯ ಲೋಹಕ್ಕೆ ಕೂದಲೆಳೆಯಷ್ಟು ದೂರದಲ್ಲಿತ್ತು. ಆ ಪಟ್ಟಿಗಳು ಉಳಿದದ್ದು ಅವುಗಳ ಗರಿಷ್ಠ ಮಿತಿ ಹೆಚ್ಚಿದ್ದುದರಿಂದ ಮಾತ್ರ. ಅಂದಿನಿಂದ ಪ್ರತಿ ತಂತಿಯ ಹೊದಿಕೆಯನ್ನು ಕನೆಕ್ಟರ್ ಕೇಳುವಷ್ಟೇ, ಸಾಮಾನ್ಯವಾಗಿ 8ರಿಂದ 10 ಮಿ.ಮೀ., ಅಳೆದು ಬಿಡಿಸುತ್ತೇನೆ. ತಾಮ್ರದ ಮೇಲೆ ಇಕ್ಕಳದ ಗಾಯವಾಗಿದ್ದರೆ ಆ ತುದಿಯನ್ನು ಕತ್ತರಿಸಿ ಮತ್ತೆ ಬಿಡಿಸುತ್ತೇನೆ. ಒಳಕ್ಕೆ ತಳ್ಳಿದ ಮೇಲೆ ಬರಿಯ ತಾಮ್ರ ಹೊರಗೆ ಕಾಣಬಾರದು, ಎರಡು ಬೆರಳಿನಿಂದ ಜಗ್ಗಿದರೆ ಬರಬಾರದು. ತಂತಿಗಳನ್ನು ಹಲಗೆಗೆ ಅಲ್ಲಲ್ಲಿ ಕಟ್ಟಿ, ರಂಧ್ರದ ಮೂಲಕ ಹಾಯುವಲ್ಲೆಲ್ಲ ರಬ್ಬರಿನ ಗ್ರಾಮೆಟ್ (ರಂಧ್ರದ ಅಂಚು ತಂತಿಯನ್ನು ಕೊಯ್ಯದಂತೆ ತಡೆಯುವ ಬಳೆ) ಕೂರಿಸಿ.

ಡ್ರೈವರ್‌ನಲ್ಲಿ ಬೆಳಕು ತಗ್ಗಿಸುವ ಪ್ರತ್ಯೇಕ ಜೋಡಿ ತಂತಿಗಳಿದ್ದರೆ ಅದರ ಮಾಹಿತಿ ಪತ್ರವನ್ನು ಓದಿ. ಹಲವು ಡ್ರೈವರ್‌ಗಳಲ್ಲಿ ಆ ಎರಡರ ನಡುವೆ 100 ಕಿಲೋಓಮ್‌ನ ತಿರುಗುಗುಂಡಿ ಹಾಕಿದರೆ ಬೆಳಕನ್ನು ಬೇಕಾದಂತೆ ತಗ್ಗಿಸಬಹುದು, ಎಳೆಯ ಸಸಿಗಳಿರುವಾಗ ಇದರಿಂದ ಬಹಳ ಉಪಯೋಗ.

ಮೇನ್ಸ್ ಮತ್ತು ಅರ್ಥಿಂಗ್

ಡ್ರೈವರನ್ನು ಹಲಗೆಯ ಬೆನ್ನಿಗೆ, ಪಟ್ಟಿಗಳ ನೇರ ಹಿಂದೆ ಬಾರದಂತೆ, ನಡುವೆ ಒಂದೆರಡು ಸೆಂ.ಮೀ. ಗಾಳಿಯಾಡುವ ಜಾಗ ಬಿಟ್ಟು ಕೂರಿಸಿ. ಸಾಧ್ಯವಿದ್ದರೆ ಹಲಗೆಯಿಂದ ದೂರ, ಕಪಾಟಿನ ಕಂಬಕ್ಕೆ ಬಿಗಿಯಿರಿ. ಡ್ರೈವರ್‌ನ ಆಯುಷ್ಯ ಅದರೊಳಗಿನ, ವಿದ್ಯುತ್ತನ್ನು ಕೂಡಿಡುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ, ಅವು 10 ಡಿಗ್ರಿ ಹೆಚ್ಚು ಬಿಸಿಯಾದರೆ ಸ್ಥೂಲವಾಗಿ ಅರ್ಧ ಕಾಲವೇ ಬಾಳುತ್ತವೆ.

ಮೂರು ತಂತಿಗಳ ಬಳ್ಳಿಯನ್ನು ಗ್ಲಾಂಡ್‌ನ ಮೂಲಕ ಪ್ಲಾಸ್ಟಿಕ್ ಡಬ್ಬಿಯೊಳಕ್ಕೆ ತಂದು, ಗ್ಲಾಂಡನ್ನು ಬಿಗಿಗೊಳಿಸಿ, ಬಳ್ಳಿಯನ್ನು ಹೊರಗಿನಿಂದ ಎಳೆದರೂ ಒಳಗಿನ ಕೂಡುಗಳಿಗೆ ಆ ಎಳೆತ ತಾಗದಂತೆ ನೋಡಿಕೊಳ್ಳಿ. ಫೇಸ್, ನ್ಯೂಟ್ರಲ್ ಮತ್ತು ಅರ್ಥ್ ತಂತಿಗಳನ್ನು ಡ್ರೈವರ್‌ನ ಆಯಾ ತಂತಿಗಳೊಂದಿಗೆ ಲೀವರ್ ಕನೆಕ್ಟರ್‌ಗಳಲ್ಲಿ ಸೇರಿಸಿ. ತಂತಿಗಳ ಬಣ್ಣದ ನಿಯಮ ದೇಶದಿಂದ ದೇಶಕ್ಕೆ, ಹಳೆಯದರಿಂದ ಹೊಸದಕ್ಕೆ ಬೇರೆಯಾಗುವುದರಿಂದ ಬಣ್ಣವನ್ನು ನಂಬದೆ ಪ್ಲಗ್ಗಿನ ಪಿನ್ನಿನಿಂದ ತಂತಿಯ ತುದಿಯವರೆಗೆ ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ (ಎರಡು ತುದಿಗಳೂ ಒಂದೇ ತಂತಿಯವೇ ಎಂಬುದು) ನೋಡಿ ಖಚಿತಪಡಿಸಿಕೊಳ್ಳಿ. ಅರ್ಥ್ ತಂತಿಯನ್ನು ಉಳಿದೆರಡಕ್ಕಿಂತ ಎರಡು ಬೆರಳು ಉದ್ದ ಬಿಡಿ. ಯಾರಾದರೂ ಬಳ್ಳಿಯನ್ನು ಎಡವಿ ಕಿತ್ತರೂ ಕೊನೆಯಲ್ಲಿ ಬಿಟ್ಟುಕೊಳ್ಳುವುದು ಅರ್ಥ್ ಆಗಿರಬೇಕು. ಫೇಸ್ ಬದಿಯಲ್ಲಿ, ಪ್ಲಗ್ಗಿನಲ್ಲೋ ಡಬ್ಬಿಯಲ್ಲೋ, ನಿಧಾನವಾಗಿ ಕರಗುವ ಮಾದರಿಯ 2 ಆಂಪಿಯರ್ ಫ್ಯೂಸ್ ಇರಲಿ.

ಅಲ್ಯೂಮಿನಿಯಂ ಹಲಗೆಯನ್ನು ಅರ್ಥ್‌ಗೆ ಸೇರಿಸದೆ ದೀಪ ಉರಿಸಬಾರದು. ಹಲಗೆಯ ಮೂಲೆಯಲ್ಲಿ 4 ಮಿ.ಮೀ. ಬೋಲ್ಟಿಗೆ ರಂಧ್ರ ಕೊರೆದು, ಅದರ ಸುತ್ತ ಬಣ್ಣ ಅಥವಾ ಆನೊಡೈಸ್ ಮಾಡಿದ ಪದರವಿದ್ದರೆ ಹೊಳೆಯುವ ಲೋಹ ಕಾಣುವವರೆಗೆ ಮರಳುಕಾಗದದಿಂದ ಉಜ್ಜಿ. ಆನೊಡೈಸ್ ಪದರ ನೋಡಲು ಲೋಹದಂತೆಯೇ ಇದ್ದರೂ ವಿದ್ಯುತ್ತನ್ನು ಹಾಯಲು ಬಿಡುವುದಿಲ್ಲ. ಅರ್ಥ್ ತಂತಿಗೆ ಉಂಗುರದ ಟರ್ಮಿನಲ್ ಕಚ್ಚಿಸಿ, ಹಲ್ಲಿನ ವಾಷರ್ ಹಾಕಿ, ಬೋಲ್ಟ್ ಬಿಗಿಯಿರಿ. ಈ ಬೋಲ್ಟಿನಿಂದ ಬೇರಾವ ಕೆಲಸವನ್ನೂ ಮಾಡಿಸಬೇಡಿ. ನೀರಿನ ಹತ್ತಿರ ಬಳಸುವ ದೀಪವಾದ್ದರಿಂದ, ಕರೆಂಟ್ ಸೋರಿದರೆ 30 ಮಿಲಿಆಂಪಿಯರ್ ಅಥವಾ ಅದಕ್ಕೂ ಕಡಿಮೆಯಲ್ಲಿ ಸಂಪರ್ಕ ಕಡಿಯುವ ಆರ್‌ಸಿಡಿ ಇರುವ ಸಾಕೆಟ್ಟಿನಿಂದಲೇ ಇದಕ್ಕೆ ವಿದ್ಯುತ್ ಕೊಡಿ.

ಉರಿಸುವ ಮೊದಲು, ಉರಿಸಿದ ಮೇಲೆ

ಪ್ಲಗ್ ಹಾಕುವ ಮೊದಲು ಮೂರು ಅಳತೆ ಮಾಡಿ. ಪ್ಲಗ್ಗಿನ ಅರ್ಥ್ ಪಿನ್ನಿಗೂ ಹಲಗೆಯ ನಾಲ್ಕು ಮೂಲೆಗಳಿಗೂ ನಡುವೆ ರೆಸಿಸ್ಟೆನ್ಸ್ ಒಂದು ಓಮ್‌ಗಿಂತ ಕಡಿಮೆ ಇರಬೇಕು. ಎಲ್‌ಇಡಿಯ ಪ್ಲಸ್ಸಿಗೂ ಹಲಗೆಗೂ, ಮೈನಸ್ಸಿಗೂ ಹಲಗೆಗೂ ನಡುವೆ ಯಾವ ಸಂಪರ್ಕವೂ ಇರಬಾರದು. ಪ್ಲಗ್ಗಿನ ಫೇಸ್ ಮತ್ತು ನ್ಯೂಟ್ರಲ್ ಪಿನ್ನುಗಳೂ ಹಲಗೆಯಿಂದ ಪೂರ್ತಿ ಬೇರೆಯಾಗಿರಬೇಕು. ಎಲ್‌ಇಡಿ ಮತ್ತು ಹಲಗೆಯ ನಡುವೆ ಮೀಟರ್ ಸದ್ದುಮಾಡಿದರೆ ಹೆಚ್ಚಾಗಿ ಯಾವುದೋ ಸ್ಕ್ರೂವಿನ ತಲೆ ಪಟ್ಟಿಯ ತಾಮ್ರದ ದಾರಿಯ ಮೇಲೆ ಕುಳಿತಿರುತ್ತದೆ. ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದರೆ ಸದ್ದು ನಿಲ್ಲುವ ಕಡೆ ತಪ್ಪು ಸಿಗುತ್ತದೆ.

ಪ್ಲಗ್ ಹಾಕುವಾಗ ಎಲ್‌ಇಡಿಗಳು ಡ್ರೈವರ್‌ಗೆ ಆಗಲೇ ಸೇರಿರಬೇಕು. ಚಾಲೂ ಇರುವ ಡ್ರೈವರ್‌ಗೆ ಆಮೇಲೆ ಪಟ್ಟಿಗಳನ್ನು ತಾಗಿಸಿದರೆ, ಗರಿಷ್ಠ ವೋಲ್ಟೇಜ್‌ಗೆ ತುಂಬಿಕೊಂಡಿರುವ ಅದರ ಕೆಪಾಸಿಟರ್ ಒಮ್ಮೆಲೇ ಖಾಲಿಯಾಗಿ ಎಲ್‌ಇಡಿಗಳನ್ನು ಸುಡಬಹುದು. ಸರ ಉರಿಯದಿದ್ದರೆ ಮೊದಲು ಪ್ಲಸ್ ಮೈನಸ್ ಅದಲುಬದಲಾಗಿದೆಯೇ ನೋಡಿ. ಎರಡೂ ಸರಗಳು ಉರಿದ ಮೇಲೆ ಪ್ಲಗ್ ತೆಗೆದು, ಮಲ್ಟಿಮೀಟರನ್ನು 10 ಆಂಪಿಯರ್ ಜಾಗಕ್ಕೆ ಬದಲಿಸಿ ಒಂದು ಸರದೊಂದಿಗೆ ಸರಣಿಯಲ್ಲಿ ಸೇರಿಸಿ ಮತ್ತೆ ಉರಿಸಿ. ಒಂದು ಸರದಲ್ಲಿ 0.50, ಇನ್ನೊಂದರಲ್ಲಿ 0.55 ಬಂದರೆ ಚಿಂತೆಯಿಲ್ಲ. 0.35 ಮತ್ತು 0.70 ಎಂಬಷ್ಟು ಅಂತರವಿದ್ದರೆ ಕೂಡುಗಳನ್ನು ಮತ್ತೆ ಪರಿಶೀಲಿಸಬೇಕು. ಅಳತೆ ಮುಗಿದ ಕೂಡಲೇ ಮೀಟರ್‌ನ ಕೆಂಪು ತಂತಿಯನ್ನು ವೋಲ್ಟೇಜ್ ಜಾಗಕ್ಕೆ ಹಿಂದಿರುಗಿಸಿ.

ಒಂದು ಗಂಟೆ ಎದುರಿಗಿದ್ದುಕೊಂಡು ಉರಿಸಿ, ಪಟ್ಟಿಯ ಮೇಲೆ ಎಲ್‌ಇಡಿಗಳ ನಡುವೆ ತಾಪ ನೋಡಿ. 60 ಡಿಗ್ರಿಯೊಳಗಿರಲಿ, ಈ ವಿನ್ಯಾಸದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆಯೇ ಬರುತ್ತದೆ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂನ ಮೇಲೆ ನಿಜಕ್ಕಿಂತ ಕಡಿಮೆ ತೋರಿಸುವುದರಿಂದ, ಹಲಗೆಯ ಮೇಲೆ ಕಾಗದದ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ. ಉರಿಯುವ ಪಟ್ಟಿಗಳನ್ನು ನೇರವಾಗಿ ದಿಟ್ಟಿಸಬೇಡಿ.

ತೂಗುಹಾಕುವುದು, ಎತ್ತರ, ಗಂಟೆಗಳು

ಹಲಗೆಯನ್ನು ನಾಲ್ಕು ಮೂಲೆಗಳಿಂದ ಸರಪಳಿಯಲ್ಲಿ ತೂಗುಹಾಕಿ, ಎತ್ತರ ಬದಲಿಸುವುದು ಸರಪಳಿಯಲ್ಲಿ ಸುಲಭ. ಪ್ಲಗ್ಗಿಗೆ ಹೋಗುವ ಬಳ್ಳಿ ಒಮ್ಮೆ ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಅಲ್ಲಿಂದ ಮೇಲೇರಲಿ. ಬಳ್ಳಿಗುಂಟ ಇಳಿದ ನೀರು ಆ ತಗ್ಗಿನಿಂದಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿನೊಳಕ್ಕೆ ಹೋಗುವುದಿಲ್ಲ. ಕಪಾಟಿನ ಬದಿಗಳಿಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದರೆ ಅಥವಾ ಬಿಳಿ ಹಾಳೆ ಕಟ್ಟಿದರೆ ಅಂಚಿನ ಗಿಡಗಳಿಗೆ ಬೆಳಕು ಎದ್ದು ಕಾಣುವಷ್ಟು ಹೆಚ್ಚುತ್ತದೆ.

ಸೊಪ್ಪಿನ ತುದಿಯಿಂದ 30 ಸೆಂ.ಮೀ. ಎತ್ತರದಲ್ಲಿ ಆರಂಭಿಸಿ, ಎಲೆಗಳ ಮಟ್ಟದಲ್ಲಿ ಲಕ್ಸ್ ಮೀಟರ್ ಇಟ್ಟು ನಡುವೆ, ನಾಲ್ಕು ಮೂಲೆಗಳಲ್ಲಿ ಅಳೆಯಿರಿ. 4000 ಕೆಲ್ವಿನ್ ಆಸುಪಾಸಿನ ಬಿಳಿ ಎಲ್‌ಇಡಿಯಲ್ಲಿ ಲಕ್ಸನ್ನು ಸುಮಾರು 65ರಿಂದ ಭಾಗಿಸಿದರೆ ಮೈಕ್ರೋಮೋಲ್ ಸಿಗುತ್ತದೆ. 16,000 ಲಕ್ಸ್ ಅಂದರೆ ನಮ್ಮ ಗುರಿಯಾದ 250ರ ಹತ್ತಿರ. ಈ ಭಾಜಕ ಕೆಂಪು ನೀಲಿ ದೀಪಗಳಿಗೆ ಅನ್ವಯಿಸುವುದಿಲ್ಲ. ಮೀಟರ್ ಇಲ್ಲದಿದ್ದರೂ ಗಿಡವೇ ಒಂದು ವಾರದೊಳಗೆ ಹೇಳುತ್ತದೆ. ಎಲೆಗಳ ನಡುವಿನ ಕಾಂಡ ಉದ್ದವಾಗುತ್ತಿದ್ದರೆ ದೀಪವನ್ನು ಇಳಿಸಬೇಕು, ಮೇಲಿನ ಎಲೆಗಳು ಬಿಳಿಚಿಕೊಂಡು ಅಂಚುಗಳು ಮೇಲಕ್ಕೆ ಮಡಚಿಕೊಂಡರೆ ದೀಪವನ್ನು ಏರಿಸಬೇಕು ಅಥವಾ ಅದರ ಬೆಳಕನ್ನು ತಗ್ಗಿಸಬೇಕು.

ದಿನಕ್ಕೆ 14ರಿಂದ 16 ಗಂಟೆ ಲೆಟ್ಯೂಸ್‌ಗೂ ತುಳಸಿ ಜಾತಿಯ ಗಿಡಗಳಿಗೂ ಸರಿ. ಕೊತ್ತಂಬರಿ ದೀರ್ಘ ಹಗಲಿನಲ್ಲಿ ಬೇಗ ಹೂವಿಗೆ ಬರುವುದರಿಂದ ಅದಕ್ಕೆ 12 ಗಂಟೆಗೆ ನಿಲ್ಲಿಸುವುದು ಒಳ್ಳೆಯದು. ಹೆಚ್ಚು ಬೆಳಕಿನ ಆಸೆಯಿಂದ 24 ಗಂಟೆಯೂ ಉರಿಸಬೇಡಿ, ಕತ್ತಲೆಯೇ ಇಲ್ಲದ ಕಡೆ ಟೊಮೆಟೊ ಎಲೆಗಳು ಹಳದಿಯಾಗಿ ಸೊರಗುತ್ತವೆ. ದೀಪ ಹೊತ್ತಿಸಿ ಆರಿಸಲು ಟೈಮರ್ ಬಳಸುವಾಗ ಅದು ಎಲ್‌ಇಡಿ ಡ್ರೈವರ್‌ಗಳಿಗೆ ಯೋಗ್ಯವೆಂದು ಸೂಚಿಸಿರುವುದಾಗಿರಲಿ, ಏಕೆಂದರೆ ಚಾಲೂ ಆಗುವ ಕ್ಷಣದಲ್ಲಿ ಡ್ರೈವರ್ ಎಳೆಯುವ ಕರೆಂಟ್ ಮಾಮೂಲಿಗಿಂತ ಹತ್ತಾರು ಪಟ್ಟು ಹೆಚ್ಚಿದ್ದು, ಟೈಮರಿನೊಳಗಿನ ದುರ್ಬಲ ರಿಲೇಯ (ತಾನಾಗಿ ಹೊತ್ತಿಸಿ ಆರಿಸುವ ಸ್ವಿಚ್ಚಿನ) ಸಂಪರ್ಕಗಳು ಬೆಸೆದುಕೊಂಡು ದೀಪ ಆರದೇ ಉಳಿಯಬಹುದು.

ಮೊದಲ ದಿನ ಅಳೆದ ಲಕ್ಸ್ ಅಂಕಿಗಳನ್ನು ಹಲಗೆಯ ಬೆನ್ನಿನ ಮೇಲೆಯೇ ತಾರೀಖಿನೊಂದಿಗೆ ಬರೆದಿಡಿ. ಆರು ತಿಂಗಳಿಗೊಮ್ಮೆ ಪ್ಲಗ್ ತೆಗೆದು, ಪಟ್ಟಿಗಳ ಮೇಲಿನ ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ಒರೆಸಿ, ಅರ್ಥ್ ಬೋಲ್ಟನ್ನು ಒಮ್ಮೆ ಬಿಗಿದು, ಪಿನ್ನಿನಿಂದ ಹಲಗೆಯವರೆಗಿನ ರೆಸಿಸ್ಟೆನ್ಸನ್ನು ಮತ್ತೆ ನೋಡಿ, ಅದೇ ಎತ್ತರದಲ್ಲಿ ಬೆಳಕನ್ನು ಮತ್ತೆ ಅಳೆದು ಹಳೆಯ ಅಂಕಿಯ ಕೆಳಗೆ ಹೊಸದನ್ನು ಬರೆಯಿರಿ.